ತೊಂಬತ್ತೇಳಕ್ಕೆ ಕುದಿಯುವ ಊರಿನಲ್ಲಿ ಒಂದು ಹಳೆಯ ಕಾರು

ಬೆಂಗಳೂರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ಶಾಲೆಯಲ್ಲಿ ನಮ್ಮಿಂದ ಬರೆಸಿದ ನೂರು ಸಮುದ್ರಮಟ್ಟದ ಲೆಕ್ಕ, ಮಂಗಳೂರಿನವರಿಗೆ ಸರಿ. ನಾವು ಅಲ್ಲಿಂದ ಸುಮಾರು 920 ಮೀಟರ್ ಮೇಲೆ ಕೂತಿದ್ದೇವೆ. ಗಾಳಿಯ ಒತ್ತಡ ಅಷ್ಟು ಕಡಿಮೆ, ಹಾಗಾಗಿ ತೆರೆದ ಪಾತ್ರೆಯ ನೀರು ಇಲ್ಲಿ 97ರ ಆಸುಪಾಸಿನಲ್ಲೇ ಕುದಿ ಹಿಡಿಯುತ್ತದೆ. ಅನ್ನಕ್ಕೆ ಇಡುವವರಿಗೆ ಈ ಮೂರು ಡಿಗ್ರಿ ಲೆಕ್ಕಕ್ಕೇ ಬರುವುದಿಲ್ಲ. ಹಳೆಯ ಕಾರು ಇಟ್ಟುಕೊಂಡವರಿಗೆ ಬರುತ್ತದೆ.

ಯಾಕೆಂದರೆ ಇಂಜಿನ್ನಿಗೆ ಹಿತವಾದ ಬಿಸಿ ಎಂಬತ್ತರಿಂದ ತೊಂಬತ್ತೈದರ ನಡುವೆ ಎಲ್ಲೋ ಇರುತ್ತದೆ. ಇಂಜಿನ್ ಸುತ್ತಿ ಬಂದ ಬಿಸಿನೀರನ್ನು ಗಾಳಿಗೊಡ್ಡಿ ತಣಿಸುವ ರೇಡಿಯೇಟರಿನ ಫ್ಯಾನ್ ಶುರುವಾಗುವುದೇ ತೊಂಬತ್ತು ದಾಟಿದ ಮೇಲೆ. ಅಂದರೆ ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿಯದೇ ಹೋದರೆ, ಫ್ಯಾನ್ ತಿರುಗಲು ಶುರುವಾಗುವುದಕ್ಕೂ ನೀರು ಕುದಿಯುವುದಕ್ಕೂ ನಡುವೆ ಉಳಿಯುವುದು ನಾಲ್ಕೈದು ಡಿಗ್ರಿ ಅಷ್ಟೇ. ಆ ನಾಲ್ಕೈದು ಡಿಗ್ರಿಯೊಳಗೆ ಟ್ರಾಫಿಕ್ಕಿಗೆ ಕುಖ್ಯಾತವಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಬೇಕು.

ನಮ್ಮ ಮನೆಯಲ್ಲಿರುವುದು ಕಾರ್ಬುರೇಟರ್ ಕಾಲದ ಮಾರುತಿ 800. ರಾಜಾಜಿನಗರದ ದೊಡ್ಡಪ್ಪ ತೊಂಬತ್ತರ ದಶಕದಲ್ಲಿ ಹೊಸದಾಗಿ ತಂದದ್ದು. ಅವರಿಂದ ಅಣ್ಣನಿಗೆ, ಅಣ್ಣನಿಂದ ನನಗೆ. 1983ರಲ್ಲಿ ಬಂದ ಮಾಡೆಲ್ಲು, 796 ಸಿಸಿ, ಮೂರು ಸಿಲಿಂಡರು. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ ಹದಿಮೂರು ನಗರಗಳಿಗೆ ಹೊಗೆ ಮಿತಿಯ ಬಿಎಸ್-4 ನಿಯಮ ಬಂದಾಗ ಇಲ್ಲಿ ಮಾರಾಟ ನಿಂತಿತು, 2014ರಲ್ಲಿ ತಯಾರಿಕೆಯೇ ನಿಂತಿತು. ಆದರೂ ಹನುಮಂತನಗರದ, ಶ್ರೀನಗರದ ಗಲ್ಲಿಗಳಲ್ಲಿ ಕವರ್ ಹೊದ್ದ ಎಂಟುನೂರುಗಳು ಇನ್ನೂ ಕಾಣಸಿಗುತ್ತವೆ. ಅವುಗಳ ಮಾಲೀಕರನ್ನು ಮಾತಿಗೆಳೆದರೆ ಎರಡನೇ ವಾಕ್ಯದೊಳಗೆ ಬರುವ ದೂರು ಒಂದೇ: ‘ಗಾಡಿ ಸ್ವಲ್ಪ ಹೀಟ್ ಆಗುತ್ತೆ.’

‘ಯಾವಾಗ?’ ಎಂದು ಕೇಳಿದರೆ ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ಅರ್ಧ ರೋಗ ಗೊತ್ತಾಗುವುದು ಅಲ್ಲೇ. ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ ತೋರಿಸುವ ಮುಳ್ಳು ಮೇಲೇರಿ, ರಸ್ತೆ ಬಿಟ್ಟುಕೊಂಡ ಕೂಡಲೇ ಇಳಿದರೆ ಗಾಳಿಯ ಕೊರತೆ: ಫ್ಯಾನು, ಅದರ ಸ್ವಿಚ್ಚು, ರಿಲೇ, ವೈರು ನೋಡಬೇಕು. ತುಮಕೂರು ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ, ಅಥವಾ ಬೆಟ್ಟ ಹತ್ತುವಾಗ ಏರಿದರೆ ಗಾಳಿಗೆ ಬರವಿಲ್ಲ, ನೀರಿನ ಓಟವೇ ಸಾಲದು: ಕಟ್ಟಿಕೊಂಡ ರೇಡಿಯೇಟರ್, ಎಲೆ ಸವೆದ ವಾಟರ್ ಪಂಪ್, ಇಲ್ಲವೇ ಪಂಪಿನ ಎಳೆತಕ್ಕೆ ಒಳಗೊಳಗೇ ಚಪ್ಪಟೆಯಾಗುವ ಕೆಳಗಿನ ಹೋಸ್. ತಣ್ಣಗಿದ್ದ ಗಾಡಿ ಮನೆ ಬಿಟ್ಟು ಐದು ನಿಮಿಷಕ್ಕೇ ಕೆಂಪು ಮುಟ್ಟಿದರೆ ಒಳಗೆ ನೀರೇ ಇಲ್ಲ, ಅಥವಾ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಥರ್ಮೋಸ್ಟಾಟ್, ಮುಚ್ಚಿಕೊಂಡೇ ಕೂತಿದೆ, ಅಥವಾ ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್: ಇಂಜಿನ್ನಿನ ಮೇಲಿನ ಮುಚ್ಚಳದಂಥ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ತೆಳು ಪದರ. ಇನ್ನೊಂದು ಮಾತು: ನೀರು ತೀರಾ ಇಳಿದರೆ ಮುಳ್ಳು ಸುಳ್ಳು ಹೇಳುತ್ತದೆ. ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ಆವಿಯಲ್ಲಿ ನೇತಾಡುವ ಸೆನ್ಸರ್ ಇಂಜಿನ್ ಬೇಯುತ್ತಿದ್ದರೂ ಕಡಿಮೆ ತೋರಿಸಬಹುದು.

ನಮ್ಮದು ನಿಂತಾಗಲೂ ಏರುತ್ತಿತ್ತು, ಹತ್ತುವಾಗಲೂ ಏರುತ್ತಿತ್ತು. ಮೇಲೆ ಹೇಳಿದ ಸೂತ್ರಗಳೆಲ್ಲ ಒಂದು ಸಲಕ್ಕೆ ಒಂದೇ ಭಾಗ ಕೆಡುತ್ತದೆ ಎಂದು ನಂಬಿದವು. ಮೂವತ್ತು ವರ್ಷ ರಸ್ತೆ ಕಂಡ ಕಾರಿಗೆ ಅಂಥ ಶಿಸ್ತು ಇರುವುದಿಲ್ಲ.

ಮನೆ ಹತ್ತಿರದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟ: ‘ಹೆಡ್ ಹೋಗಿದೆ ಸಾರ್, ಇಳಿಸಿ ಫೇಸಿಂಗ್ ಹೊಡೆಸ್ಬೇಕು.’ ಫೇಸಿಂಗ್ ಅಂದರೆ ಬಾಗಿದ ಮೈಯನ್ನು ಉಜ್ಜಿ ಸಮ ಮಾಡುವುದು. ಭಯ ಆಧಾರವಿಲ್ಲದ್ದೇನಲ್ಲ. ಹೆಡ್ ಅಲ್ಯುಮಿನಿಯಮ್ಮಿನದು. ಬಿಸಿಗೆ ಅಲ್ಯುಮಿನಿಯಂ ಹಿಗ್ಗುವುದು ಕಬ್ಬಿಣದ ಸುಮಾರು ಎರಡು ಪಟ್ಟು; ಒಮ್ಮೆ ಚೆನ್ನಾಗಿ ಕುದಿಸಿದರೆ ಬಾಗಿ, ನಡುವಿನ ಗ್ಯಾಸ್ಕೆಟ್ ಬಿಟ್ಟುಕೊಳ್ಳುತ್ತದೆ. ಆದರೆ ಹೆಡ್ ಇಳಿಸದೆಯೇ ಹೆಡ್ಡಿನ ಸ್ಥಿತಿ ತಿಳಿಯಲು ದಾರಿಗಳಿವೆ. ಬೆಳಿಗ್ಗೆ, ಪೂರ್ತಿ ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿದರೆ ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತದೆಯೇ? ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ನೀರು ಇನ್ನೂ ಬೆಚ್ಚಗಾಗುವ ಮೊದಲೇ ಮೇಲಿನ ಹೋಸ್ ಕಲ್ಲಾಗುತ್ತದೆಯೇ? ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದೆಯೇ? ಸೈಲೆನ್ಸರಿನಿಂದ ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತದೆಯೇ? (ಆಯಿಲ್ ತುಂಬುವ ಮುಚ್ಚಳದ ಒಳಮೈಗೆ ಸ್ವಲ್ಪ ಬಿಳಿ ಜಿಡ್ಡು ಕಂಡರೆ ಗಾಬರಿ ಬೇಡ. ಮನೆಯಿಂದ ದೇವಸ್ಥಾನಕ್ಕೆ ಹೋಗಿ ಬರುವಷ್ಟೇ ಓಡುವ ಗಾಡಿಗಳಲ್ಲಿ ಅದು ಬರೀ ತೇವ.) ಇನ್ನೂ ಅನುಮಾನವಿದ್ದರೆ ನೀಲಿ ದ್ರಾವಣದ ಒಂದು ಸಣ್ಣ ಕಿಟ್ ಸಿಗುತ್ತದೆ, ರೇಡಿಯೇಟರ್ ಬಾಯಿಂದ ಬರುವ ಗಾಳಿಯನ್ನು ಅದರ ಮೂಲಕ ಹಾಯಿಸಿದಾಗ ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದೆ ಎಂದರ್ಥ. ನಮ್ಮದು ನೀಲಿಯಾಗಿಯೇ ಉಳಿಯಿತು.

ಆ ಮೆಕ್ಯಾನಿಕ್ ಮೋಸಗಾರ ಎಂದು ನಾನು ಹೇಳುವುದಿಲ್ಲ. ಹೆಡ್ ಕೆಲಸದ ಗಮ್ಮತ್ತೇ ಬೇರೆ. ಅದನ್ನು ಮಾಡುವಾಗ ಎಲ್ಲವೂ ಬಿಚ್ಚುತ್ತದೆ, ಹೋಸ್ ಹೊಸದಾಗುತ್ತದೆ, ನೀರು ಬದಲಾಗುತ್ತದೆ, ಬೆಲ್ಟ್ ಬಿಗಿಯಾಗುತ್ತದೆ. ನಿಜವಾದ ಕಾರಣ ಈ ಗದ್ದಲದಲ್ಲಿ ಎಲ್ಲೋ ತಾನಾಗಿ ಸರಿಹೋಗುತ್ತದೆ, ಗಾಡಿ ಕೆಲವು ತಿಂಗಳು ತಣ್ಣಗಿರುತ್ತದೆ, ಮೆಕ್ಯಾನಿಕ್ಕಿಗೂ ಮಾಲೀಕನಿಗೂ ಹೆಡ್ಡೇ ಕಾರಣ ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ನಾನು ಅಗ್ಗದ್ದರಿಂದ ಶುರು ಮಾಡಿದೆ. ರೇಡಿಯೇಟರ್ ಮುಚ್ಚಳ ಗಾಡಿ ಸಾಮಾನಿನ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಒಂದು ಊಟದ ದುಡ್ಡಿಗೆ ಸಿಗುತ್ತದೆ, ಮತ್ತು ಇಡೀ ವ್ಯವಸ್ಥೆಯಲ್ಲಿ ಅದರಷ್ಟು ತಾತ್ಸಾರಕ್ಕೆ ಒಳಗಾದ ವಸ್ತು ಇನ್ನೊಂದಿಲ್ಲ. ಅದರ ಮೇಲೆ 0.9 ಎಂದು ಅಚ್ಚಾಗಿರುತ್ತದೆ. ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ 0.9 ಕಿಲೋ ಹೆಚ್ಚು ಒತ್ತಡ ತಡೆದುಕೊಂಡು ಆಮೇಲೆ ಬಾಯಿ ಬಿಡುತ್ತದೆ. ಅಷ್ಟು ಒತ್ತಡದಲ್ಲಿ ಬೆಂಗಳೂರಿನ ನೀರು ಕುದಿಯಬೇಕಾದರೆ ಸುಮಾರು 117 ಡಿಗ್ರಿ ಬೇಕು. ಮುಚ್ಚಳದ ರಬ್ಬರು ಗಟ್ಟಿಯಾಗಿ ಸಂದು ಬಿಟ್ಟಿತೋ, ಆ ಇಪ್ಪತ್ತು ಡಿಗ್ರಿ ಹೋಯಿತು, ಮತ್ತೆ 97ಕ್ಕೆ ಬಂದೆವು. ಮುಚ್ಚಳದ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇದೆ. ತಣ್ಣಗಾಗುವಾಗ ಪಕ್ಕದ ಪ್ಲಾಸ್ಟಿಕ್ ಬಾಟಲಿಯಿಂದ ನೀರನ್ನು ಹಿಂದಕ್ಕೆ ಎಳೆದುಕೊಳ್ಳುವುದು ಅದರ ಕೆಲಸ. ಬಾಟಲಿಯ ಮಟ್ಟ ಬಿಸಿಯಲ್ಲಿ ಏರಿ ತಣ್ಣಗಾದಾಗ ಇಳಿಯಬೇಕು. ನಮ್ಮ ಬಾಟಲಿಯಲ್ಲಿ ಅದು ಕದಲುತ್ತಲೇ ಇರಲಿಲ್ಲ.

ಹೊಸ ಮುಚ್ಚಳದಿಂದ ಸ್ವಲ್ಪ ಗುಣ ಕಂಡಿತು. ನಿಜವಾದ ಕತೆ ಇದ್ದದ್ದು ಥರ್ಮೋಸ್ಟಾಟಿನ ಮನೆ ಬಿಚ್ಚಿದಾಗ. ಮನೆ ಖಾಲಿ.

ಹಿಂದೆ ಯಾರೋ ಅದನ್ನು ಕಿತ್ತು ಬಿಸಾಡಿದ್ದರು. ಇದು ನಮ್ಮ ಕಡೆ ಎಷ್ಟು ಸಾಮಾನ್ಯ ಎಂದರೆ, ಜೆ.ಸಿ. ರಸ್ತೆಯ ಒಳಗಲ್ಲಿಯ ರೇಡಿಯೇಟರ್ ಅಂಗಡಿಯ ಹಿರಿಯರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ‘ತೆಗೆದಿರ್ತಾರೆ ಬಿಡಿ ಸಾರ್. ಅದು ಫಾರಿನ್ ಚಳಿಗೆ ಮಾಡಿರೋ ವಾಲ್ವು. ನಮ್ಮೂರಿಗೆ ಯಾಕೆ ಬೇಕು?’

ಥರ್ಮೋಸ್ಟಾಟ್ ಎಂದರೆ ಸಣ್ಣ ಹಿತ್ತಾಳೆ ಡಬ್ಬಿಯಲ್ಲಿ ತುಂಬಿದ ಮೇಣ. 82ಕ್ಕೆ ಮೇಣ ಕರಗಿ ಹಿಗ್ಗಿ ವಾಲ್ವನ್ನು ತಳ್ಳುತ್ತದೆ, ಆಗ ನೀರು ರೇಡಿಯೇಟರಿಗೆ ಹರಿಯುತ್ತದೆ. ಅಲ್ಲಿಯವರೆಗೆ ಇಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ತೆಗೆದುಬಿಟ್ಟರೆ ಡಿಸೆಂಬರಿನ ಬೆಳಿಗ್ಗೆ ಇಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ. ಚೋಕ್ ಎಳೆದುಕೊಂಡೇ ಇರಬೇಕು, ಸುಡದ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ, ಸವೆತ ಹೆಚ್ಚುತ್ತದೆ. ಇದು ಫಾರಿನ್ ಚಳಿಯ ಮಾತಲ್ಲ. ಇಂಜಿನ್ನಿನ ಲೆಕ್ಕದಲ್ಲಿ ಬೆಂಗಳೂರಿನ ಮೇ ತಿಂಗಳೂ ಚಳಿಗಾಲವೇ. ಊರಿನ ದಾಖಲೆ ಬಿಸಿಲು 2016ರ ಏಪ್ರಿಲ್‌ನ 39.2, 82ಕ್ಕೆ ಹೋಲಿಸಿ ನೋಡಿ. ಇನ್ನು ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗಲೇ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಅಂಥದ್ದರಲ್ಲಿ ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಸುತ್ತುತ್ತಿರುತ್ತದೆ. ತಣ್ಣಗಾಗಲೆಂದು ತೆಗೆದದ್ದು ಬಿಸಿಗೇ ಕಾರಣವಾಗುತ್ತದೆ. ‘ವಾಲ್ವ್ ಇಲ್ಲದಿದ್ದರೆ ನೀರು ತುಂಬಾ ಜೋರಾಗಿ ಓಡಿ ತಣ್ಣಗಾಗೋಕೆ ಟೈಮೇ ಸಿಗಲ್ಲ’ ಎಂಬ ಇನ್ನೊಂದು ವಾದವೂ ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಅದು ತಪ್ಪು. ನೀರು ಜೋರಾಗಿ ಓಡಿದಷ್ಟೂ ರೇಡಿಯೇಟರ್ ಹೆಚ್ಚು ಶಾಖ ಬಿಡುತ್ತದೆ, ಕಡಿಮೆಯಲ್ಲ.

ಹೊಸ ಥರ್ಮೋಸ್ಟಾಟನ್ನು ಹಾಕುವ ಮುನ್ನ ಒಲೆಯ ಮೇಲೆ ಪರೀಕ್ಷಿಸುವುದು ಒಳ್ಳೆಯದು. ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ನೋಡುವುದು. ಅಮ್ಮ ತನ್ನ ಪಾತ್ರೆ ಕೊಡಲು ಒಪ್ಪಲಿಲ್ಲ, ಸ್ನಾನದ ಹಳೇ ಚೊಂಬು ಸಿಕ್ಕಿತು. 82 ದಾಟುತ್ತಲೇ ತುಟಿ ಬಿಚ್ಚಿತು. ಪೂರ್ತಿ ತೆರೆದುಕೊಳ್ಳುವುದು 95ರ ಹತ್ತಿರ. ಇಲ್ಲಿ ನೀರು 97ಕ್ಕೇ ಕುದಿಯುವುದರಿಂದ ಅದನ್ನು ನೋಡಲು ಚೊಂಬು ಕೊತಕೊತ ಕುದಿಯಬೇಕಾಯಿತು. ನಂದಿಬೆಟ್ಟದ ನೆತ್ತಿಯಲ್ಲಿ, 1478 ಮೀಟರಿನಲ್ಲಿ, ನೀರು 95ಕ್ಕೇ ಕುದಿಯುತ್ತದೆ. ಅಲ್ಲಿ ಈ ಪರೀಕ್ಷೆ ಮುಗಿಯುವುದೇ ಅನುಮಾನ.

ಆಮೇಲೆ ಫ್ಯಾನು. ಡ್ಯಾಶ್‌ಬೋರ್ಡಿನ ಕೆಳಗೆ, ಸ್ಟೇರಿಂಗಿನ ಎಡಕ್ಕೆ, ಮನೆಯ ಗೋಡೆಗೆ ಹಾಕುವಂಥ ಒಂದು ಬಿಳಿ ಸ್ವಿಚ್ಚಿತ್ತು. ‘ಫ್ಯಾನ್ ಡೈರೆಕ್ಟ್ ಮಾಡಿಸಿದೀನಿ, ಟ್ರಾಫಿಕ್ಕಲ್ಲಿ ಹಾಕ್ಕೋ’ ಎಂದು ಅಣ್ಣ ಕೀ ಕೊಡುವಾಗಲೇ ಹೇಳಿದ್ದ. ಬಿಸಿ ಏರಿದಾಗ ಫ್ಯಾನನ್ನು ತಾನೇ ಹಾಕುವ ರೇಡಿಯೇಟರಿನ ಥರ್ಮೋ ಸ್ವಿಚ್ ಕೆಟ್ಟಾಗ ಅದನ್ನು ಬದಲಿಸದೆ ಬ್ಯಾಟರಿಯಿಂದ ನೇರ ಎಳೆದ ವೈರು. ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಹಾಗಾಗಿ ಯಾರಿಗೂ ಅದರ ಮೇಲೆ ಅನುಮಾನವಿರಲಿಲ್ಲ. ಇಂಜಿನ್ ಓಡುವಾಗ ಫ್ಯಾನ್ ಹಾಕಿ, ಒಂದು ಹಾಳೆ ದಿನಪತ್ರಿಕೆಯನ್ನು ರೇಡಿಯೇಟರಿನ ಮುಂದೆ ಹಿಡಿದು ಕೈಬಿಡಿ: ಫ್ಯಾನ್ ಸರಿಯಿದ್ದರೆ ಹಾಳೆ ಅಲ್ಲೇ ಅಂಟಿ ನಿಲ್ಲುತ್ತದೆ. ನಮ್ಮದು ಜಾರಿ ಬಿತ್ತು. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ ಹದಿಮೂರೂವರೆ ವೋಲ್ಟ್, ಫ್ಯಾನಿನ ತುದಿಯಲ್ಲಿ ಹತ್ತೂ ಇಲ್ಲ. ಸ್ಪೀಕರಿಗೆ ಎಳೆಯುವಷ್ಟು ತೆಳ್ಳನೆಯ ವೈರಿನಲ್ಲಿ ಉಳಿದದ್ದೆಲ್ಲ ಸುಟ್ಟು ಹೋಗುತ್ತಿತ್ತು. ಅದರ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಸ್ವಿಚ್ಚಿನ ಬಳಿ ಕಂದಿತ್ತು. ಹೀಗೆ ಬೆಂಕಿ ಹತ್ತಿಕೊಂಡ ಗಾಡಿಗಳೂ ಇವೆ.

ಇಷ್ಟು ಹೊತ್ತಿಗೆ ನನಗೆ ಈ ಕಾರಿನ ಚರಿತ್ರೆ ಹೊಳೆಯತೊಡಗಿತ್ತು. ಇದರಲ್ಲಿ ತಾನಾಗಿ ಕೆಟ್ಟ ಭಾಗ ಕಡಿಮೆ, ವಾಸಿಮಾಡಲು ಹೋಗಿ ಕೆಡಿಸಿದ್ದು ಹೆಚ್ಚು. ಥರ್ಮೋಸ್ಟಾಟ್ ಯಾವತ್ತೋ ಒಮ್ಮೆ ಅಂಟಿಕೊಂಡಿತ್ತು, ಕಿತ್ತರು. ಸ್ವಿಚ್ ಸತ್ತಿತು, ಬಳಸುದಾರಿಯಲ್ಲಿ ವೈರು ಎಳೆದರು. ಎಲ್ಲೋ ಸೋರಿತು, ಏನೋ ಸುರಿದರು. ಪ್ರತಿಯೊಂದೂ ಆ ಸಂಜೆಗೆ ಗಾಡಿಯನ್ನು ಮನೆ ಮುಟ್ಟಿಸಿತ್ತು. ಸಂಜೆಯೊಳಗೆ ಗಾಡಿ ಬೇಕು ಎಂದು ನಾವೇ ಗ್ಯಾರೇಜಿನ ಬಾಗಿಲಲ್ಲಿ ನಿಂತಿರುತ್ತೇವೆ, ಬೇಕಾದ ಸಾಮಾನು ಅಂಗಡಿಯಲ್ಲಿ ಇರುವುದಿಲ್ಲ, ಮೆಕ್ಯಾನಿಕ್ ತಾನೇ ಏನು ಮಾಡಿಯಾನು? ಆದರೆ ಆ ತಾತ್ಕಾಲಿಕವನ್ನು ಬಿಚ್ಚಿ ಸರಿಯಾದದ್ದನ್ನು ಹಾಕುವ ದಿನ ಮಾತ್ರ ಬರುವುದೇ ಇಲ್ಲ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.

ಏನು ಸುರಿದಿದ್ದರು ಎನ್ನುವುದು ರೇಡಿಯೇಟರ್ ಬಿಚ್ಚಿದಾಗ ತಿಳಿಯಿತು. ಹಳೆಯ ಕಾಲದ ತಾಮ್ರ-ಹಿತ್ತಾಳೆಯ ರೇಡಿಯೇಟರ್. ಅದರ ಮೇಲಿನ ಟ್ಯಾಂಕನ್ನು ಗ್ಯಾಸ್ ಬೆಂಕಿಯಲ್ಲಿ ಬೆಸುಗೆ ಕರಗಿಸಿ ತೆಗೆಯಬಹುದು, ಒಳಗಿನ ಚಪ್ಪಟೆ ಕೊಳವೆಗಳಲ್ಲಿ ಉದ್ದನೆಯ ತೆಳು ಪಟ್ಟಿ ತೂರಿಸಿ ಕೆರೆಯಬಹುದು. ಅಂಗಡಿಯಲ್ಲಿ ಇದಕ್ಕೆ ರಾಡ್ ಹೊಡೆಯುವುದು ಎನ್ನುತ್ತಾರೆ. ಈಗಿನ ಅಲ್ಯುಮಿನಿಯಂ ರೇಡಿಯೇಟರುಗಳಿಗೆ ಪ್ಲಾಸ್ಟಿಕ್ ಟ್ಯಾಂಕನ್ನು ಮಡಚಿ ಕೂಡಿಸಿರುತ್ತಾರೆ. ಬಿಚ್ಚಿ ಕೆರೆಯುವ ಆಟ ಅಲ್ಲಿ ನಡೆಯುವುದಿಲ್ಲ, ಹೊಸದೇ ಹಾಕಬೇಕು. ಹಿರಿಯರು ಟ್ಯಾಂಕ್ ಎತ್ತಿ ನನ್ನನ್ನು ಕರೆದು ತೋರಿಸಿದರು. ಕೊಳವೆಗಳ ಬಾಯಿಗಳಲ್ಲಿ ಅರ್ಧದಷ್ಟು ಮುಚ್ಚಿದ್ದವು, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಅದೇ ಬೂದಿ ಬಣ್ಣದ ಪದರ. ನಡುನಡುವೆ ಹಳದಿ ಅಂಟು. ‘ಅರಿಶಿನ ಸಾರ್. ಲೀಕ್ ನಿಲ್ಲಿಸೋಕೆ ಹಾಕಿದಾರೆ.’ ಲಾರಿಯವರ ಹಳೆಯ ಉಪಾಯವದು: ಘಾಟಿಯ ನಡುವೆ ಸೋರಿದರೆ ಅರಿಶಿನ ಪುಡಿ ಕದಡಿ ಸುರಿಯುವುದು. ಸೋರುವ ತೂತಿನ ಜೊತೆಗೆ ಸೋರದ ಕೊಳವೆಯನ್ನೂ ಅದು ಕಟ್ಟುತ್ತದೆ. ಘಾಟಿ ಇಳಿದ ಮೇಲೆ ತೊಳೆಯಬೇಕು ಎಂಬ ಎರಡನೇ ಅರ್ಧವನ್ನು ಎಲ್ಲರೂ ಮರೆಯುತ್ತಾರೆ.

ಬೂದಿ ಪದರಕ್ಕೆ ನಮ್ಮ ಬೋರ್‌ವೆಲ್ಲೇ ಕಾರಣ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ, ಎಲ್ಲರ ನಲ್ಲಿಗೂ ಬರುವುದಿಲ್ಲ. ಬರದವರು ನೆಲದಡಿಯ ಗಡಸು ನೀರು ಕುಡಿಸುತ್ತಾರೆ, ಗಿಡಕ್ಕೂ ಗಾಡಿಗೂ. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಿಸಿಯಾದಲ್ಲೆಲ್ಲ ಕಲ್ಲಾಗಿ ಕೂರುತ್ತವೆ, ಮತ್ತು ಕಲ್ಲು ಶಾಖವನ್ನು ಬಿಟ್ಟುಕೊಡುವುದಿಲ್ಲ. ನೀರು ಇಳಿದಾಗೆಲ್ಲ ಒಂದು ಬಾಟಲಿ ಬೋರ್ ನೀರು ಸುರಿದರೆ ಪ್ರತಿ ಬಾಟಲಿಯ ಕಲ್ಲೂ ಒಳಗೇ ಉಳಿಯುತ್ತದೆ, ಆವಿಯಾಗಿ ಹೋಗುವುದು ನೀರು ಮಾತ್ರ.

ರಾಡ್ ಹೊಡೆದು, ಟ್ಯಾಂಕ್ ಬೆಸೆದು, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಮುಳುಗಿಸುವ ಹಾಗೆ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಕೊಟ್ಟು ಸೋರಿಕೆ ನೋಡಿದರು. ಹೊಸ ಅಲ್ಯುಮಿನಿಯಮ್ಮಿನದಕ್ಕೆ ಹೋಗದೆ ಹಳೆಯದನ್ನೇ ಉಳಿಸಿಕೊಂಡದ್ದು ನನ್ನ ಹಟ. ಇನ್ನೊಂದು ಸಲ ಬಿಚ್ಚಬಹುದಾದ ವಸ್ತುವಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ವೈರಿಂಗ್ ಕೆಲಸ ಬೇಸರದ್ದು, ಚುಟುಕಾಗಿ ಹೇಳುತ್ತೇನೆ: ಹೊಸ ಥರ್ಮೋ ಸ್ವಿಚ್, ರಿಲೇ, ಫ್ಯೂಸ್, ದಪ್ಪ ವೈರು, ಉಜ್ಜಿ ಹೊಳೆಸಿದ ಅರ್ತ್. ಬಿಳಿ ಸ್ವಿಚ್ಚು ಹೋಯಿತು. ಪತ್ರಿಕೆಯ ಹಾಳೆ ಅಂಟಿ ನಿಂತಿತು. ವಾಟರ್ ಪಂಪನ್ನು ಮುಟ್ಟಲಿಲ್ಲ. ಪುಲ್ಲಿ ಹಿಡಿದು ಅಲುಗಿಸಿದರೆ ಆಟವಿರಲಿಲ್ಲ, ಕೆಳಗಿನ ಸಣ್ಣ ತೂತಿನಲ್ಲಿ ನೀರಿನ ಕಲೆಯೂ ಇರಲಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಬದಲಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ.

ತುಂಬಿಸುವಾಗ ಅವಸರ ಮಾಡುವವರು ಬಹಳ. ನೀರು ತುಂಬಿದಂತೆ ಕಂಡರೂ ಹೆಡ್ಡಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮುಂದಿನ ಚಕ್ರ ಏರಿನಲ್ಲಿ ನಿಲ್ಲಿಸಿ, ಇಂಜಿನ್ನಿನ ಬಿಸಿನೀರಿನಿಂದಲೇ ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಪೂರ್ತಿ ತೆರೆದು, ಮುಚ್ಚಳ ಬಿಟ್ಟು ಇಂಜಿನ್ ಓಡಿಸಿ, ಥರ್ಮೋಸ್ಟಾಟ್ ತೆರೆದು ಮಟ್ಟ ದಿಢೀರನೆ ಇಳಿದಾಗ ಮತ್ತೆ ತುಂಬಬೇಕು. ಥರ್ಮೋಸ್ಟಾಟಿನಲ್ಲಿ ಅಲುಗಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಮುಖವಾಗಿರಲಿ, ಗಾಳಿ ಹೊರಡುವುದು ಅಲ್ಲಿಂದ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಕೂಲಂಟ್ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಶಾಖ ಹೊರುವುದರಲ್ಲಿ ನೀರೇ ಮೇಲು, ಕೂಲಂಟಿನ ಗ್ಲೈಕಾಲ್ ಬೇಕಾಗಿರುವುದು ಕುದಿಬಿಂದು ಏರಿಸಲು, ಕೂಲಂಟಿಗೆ ಬೆರೆಸಿರುವ ಔಷಧ ತುಕ್ಕು ತಡೆಯಲು. ಹಸಿರು, ಕೆಂಪು, ನೀಲಿ ಬಣ್ಣಗಳಿಗೆ ಎಲ್ಲ ಕಂಪನಿಗೂ ಒಂದೇ ಅರ್ಥವಿಲ್ಲ, ಬಣ್ಣ ನೋಡಿ ಬೆರೆಸಬೇಡಿ. ಹಳೆಯದನ್ನು ಮೋರಿ ಬದಿಗೆ ಚೆಲ್ಲಲೂ ಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ.

ನಂದಿಬೆಟ್ಟವನ್ನು ಎರಡನೇ ಗೇರಿನಲ್ಲಿ ಹತ್ತಿಸಿದೆ. ಸಿಲ್ಕ್ ಬೋರ್ಡಿನಲ್ಲಿ ಸಂಜೆ ಆರಕ್ಕೆ ಬೇಕೆಂದೇ ಹೋಗಿ ನಿಂತೆ, ನನ್ನ ಹೆಂಡತಿಯ ಪ್ರಕಾರ ಬೆಂಗಳೂರಿನಲ್ಲಿ ಹಾಗೆ ಮಾಡಿದ ಮೊದಲ ಮನುಷ್ಯ. ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿತು, ಫ್ಯಾನ್ ತಾನಾಗಿ ಬಂದು ತಾನಾಗಿ ನಿಂತಿತು.

ಕೆಲವು ವಾರ ಕಳೆದ ಮೇಲೆ ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಾಗಿತ್ತು, ಒಳಗೆಲ್ಲ ಸಿಹಿ ವಾಸನೆ. ಹೀಟರ್ ಕಾಯಿಲ್ ಸೋರುತ್ತಿತ್ತು. ಇಷ್ಟು ವರ್ಷ ಒತ್ತಡವನ್ನೇ ಕಾಣದ ವ್ಯವಸ್ಥೆಗೆ ಹೊಸ ಮುಚ್ಚಳ ಪೂರಾ 0.9 ಕೊಟ್ಟಿತ್ತು, ಅದು ಮುಂದಿನ ದುರ್ಬಲ ಜಾಗವನ್ನು ಹುಡುಕಿಕೊಂಡಿತ್ತು. ಕಾಯಿಲ್ ತೆಗೆಯಲು ಡ್ಯಾಶ್‌ಬೋರ್ಡ್ ಇಳಿಸಬೇಕು. ಜೆ.ಸಿ. ರಸ್ತೆಯಲ್ಲಿ ಕೇಳಿದೆ, ಕಲಾಸಿಪಾಳ್ಯದಲ್ಲಿ ಕೇಳಿದೆ. ಇದ್ದವೆಲ್ಲ ಗುಜರಿಯ ಕಾಯಿಲ್‌ಗಳು, ನನ್ನದಕ್ಕಿಂತ ಹಳೆಯವು.

ರೇಡಿಯೇಟರ್ ಅಂಗಡಿಯ ಹಿರಿಯರು ನಗುತ್ತಲೇ ಹೇಳಿದರು: ‘ಬೈಪಾಸ್ ಮಾಡ್ಬಿಡೋಣ ಸಾರ್. ಬೆಂಗಳೂರಿಗೆ ಹೀಟರ್ ಯಾಕೆ?’

ಒಪ್ಪಿಕೊಂಡೆ. ಹೀಟರಿಗೆ ಹೋಗುವ ಹೋಸನ್ನೂ ಬರುವ ಹೋಸನ್ನೂ ಬಿರಡೆ ಹಾಕಿ ಮುಚ್ಚದೆ, ಒಂದಕ್ಕೊಂದು ಕೂಡಿಸಿದರೆ ನೀರಿನ ಸುತ್ತು ಹಾಗೇ ಉಳಿಯುತ್ತದೆ, ತಂಪಿನ ಲೆಕ್ಕ ತಪ್ಪುವುದಿಲ್ಲ. ಒಂದೇ ನಷ್ಟ: ಮುಳ್ಳು ಏರಿದಾಗ ಹೀಟರ್ ಪೂರ್ತಿ ತೆರೆದು ಇಂಜಿನ್ನಿನ ಶಾಖವನ್ನು ನಮ್ಮ ಮೇಲೆ ಎಳೆದುಕೊಂಡು ಹೇಗೋ ಮನೆ ಸೇರುವ ಹಳೆಯ ಉಪಾಯ ಇನ್ನು ನಡೆಯುವುದಿಲ್ಲ. ಏರಿದರೆ ಬದಿಗೆ ಹಾಕಿ ಇಂಜಿನ್ ಆರಿಸಬೇಕು, ಅರ್ಧ ಗಂಟೆ ಮುಚ್ಚಳ ಮುಟ್ಟಬಾರದು. ಕಾಯಿಲ್ ಸಿಕ್ಕರೆ ತಿಳಿಸಿ ಎಂದು ಅಂಗಡಿಯಲ್ಲಿ ನಂಬರ್ ಕೊಟ್ಟು ಬಂದಿದ್ದೇನೆ.